ನಿತ್ರಾಣ ಯಾವ ಇಲಾಖೆಗೆ ಸೇರಿದ್ದು? ಹಿರಿಯರ ಶಕ್ತಿಗುಂದುವಿಕೆ ಮತ್ತು ಆರೋಗ್ಯ ನೀತಿ

ಸರ್ಕಾರಗಳ ಆರೋಗ್ಯ ಕಾರ್ಯಕ್ರಮಗಳು ಹೆಚ್ಚಾಗಿ ಕಾಯಿಲೆಗಳ ಹೆಸರಿನಲ್ಲಿ ವಿಂಗಡಣೆಯಾಗಿರುತ್ತವೆ. ಕ್ಷಯಕ್ಕೊಂದು, ಅಂಧತ್ವ ನಿಯಂತ್ರಣಕ್ಕೊಂದು, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಕ್ಕೆ ಮತ್ತೊಂದು. ಆದರೆ ಎಪ್ಪತ್ತೆಂಟು ವರ್ಷದ ಒಬ್ಬ ಅಜ್ಜಿ ಒಂದು ವರ್ಷದಿಂದ ಇಳಿದುಹೋಗಿದ್ದಾರೆ, ಊಟ ಸೇರುತ್ತಿಲ್ಲ, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಾರೆ, ಸಂತೆಗೂ ದೇವಸ್ಥಾನಕ್ಕೂ ಹೋಗುವುದನ್ನು ಬಿಟ್ಟಿದ್ದಾರೆ ಎಂದಾದರೆ ಅವರನ್ನು ಯಾವ ಕಾರ್ಯಕ್ರಮದ ಪಟ್ಟಿಗೆ ಸೇರಿಸಬೇಕು ಎಂಬುದಕ್ಕೆ ಸ್ಪಷ್ಟ ಉತ್ತರವಿಲ್ಲ. ರಕ್ತಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ದೋಷವಿಲ್ಲ, ಬಿಪಿ ಮಾತ್ರೆ ನಡೆಯುತ್ತಿದೆ, ಮನೆಯವರೂ ಕೆಲವೊಮ್ಮೆ ವೈದ್ಯರೂ "ವಯಸ್ಸಾಯ್ತಲ್ಲ" ಎಂದು ಸುಮ್ಮನಾಗುತ್ತಾರೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಾಗಲೇ ಆಕೆ ಮೊದಲ ಬಾರಿಗೆ ವ್ಯವಸ್ಥೆಯ ಕಣ್ಣಿಗೆ ಬೀಳುವುದು, ಅದೂ ಮೂಳೆ ವಿಭಾಗದ ರೋಗಿಯಾಗಿ.

ವೈದ್ಯರು ಫ್ರೇಲ್ಟಿ ಎನ್ನುವ ಈ ಸ್ಥಿತಿಯನ್ನು ಇಲ್ಲಿ ನಿತ್ರಾಣ ಎಂದೇ ಕರೆಯುತ್ತೇನೆ. ಮಾಂಸಖಂಡ, ಮೂಳೆ, ಹೃದಯ, ಮೆದುಳು, ಹಾರ್ಮೋನು, ರೋಗನಿರೋಧಕ ಶಕ್ತಿ ಹೀಗೆ ದೇಹದ ಹಲವು ಅಂಗಗಳಲ್ಲಿ ಮೀಸಲು ಬಲ ಒಟ್ಟೊಟ್ಟಿಗೆ ಕರಗಿ, ಸಣ್ಣ ಪೆಟ್ಟನ್ನೂ ತಾಳಿಕೊಳ್ಳಲಾಗದ ಸ್ಥಿತಿ ಇದು. ಕಣಜದಲ್ಲಿ ಕಾಳಿದ್ದ ಮನೆ ಒಂದು ವರ್ಷ ಮಳೆ ಕೈಕೊಟ್ಟರೂ ದಾಟಿಬಿಡುತ್ತದೆ, ಕಣಜ ಬರಿದಾದ ಮನೆ ಅದೇ ವರ್ಷ ಊರು ಬಿಡಬೇಕಾಗುತ್ತದೆ. ಒಂದೇ ವಯಸ್ಸಿನ ಇಬ್ಬರಿಗೆ ಒಂದೇ ಬಗೆಯ ಮೂತ್ರದ ಸೋಂಕು ತಗುಲಿದಾಗ ಒಬ್ಬರು ವಾರದಲ್ಲಿ ಎದ್ದು ಓಡಾಡಿ, ಇನ್ನೊಬ್ಬರು ಅರಳುಮರಳಾಗಿ ಹಾಸಿಗೆ ಹಿಡಿದು ಮತ್ತೆ ಏಳದಿರುವುದಕ್ಕೆ ಕಾರಣ ಸೋಂಕಿನಲ್ಲಿಲ್ಲ, ಈ ಮೀಸಲಿನಲ್ಲಿದೆ. ನಿತ್ರಾಣವನ್ನು ಮುಪ್ಪಿನೊಂದಿಗೆ ಸಮೀಕರಿಸುವುದು ತಪ್ಪು, ಏಕೆಂದರೆ ತೊಂಬತ್ತರಲ್ಲಿ ತೋಟ ಸುತ್ತಿ ಬರುವವರೂ ಅರವತ್ತೈದಕ್ಕೇ ಕುಸಿದವರೂ ನಮ್ಮ ನಡುವೆಯೇ ಇದ್ದಾರೆ. ಅಂಗವೈಕಲ್ಯವೂ ಇದಲ್ಲ, ಅಂಗವೈಕಲ್ಯಕ್ಕೆ ಎಷ್ಟೋ ಮೊದಲೇ ನಿತ್ರಾಣ ಶುರುವಾಗಿರುತ್ತದೆ, ನೀತಿಯ ದೃಷ್ಟಿಯಿಂದ ಅದರ ಮಹತ್ವ ಇರುವುದೂ ಆ ನಡುವಿನ ಕಾಲಾವಕಾಶದಲ್ಲಿ.

ಹಾಗಾದರೆ ಅದನ್ನು ಅಳೆಯುವುದು ಹೇಗೆ? 2001ರಲ್ಲಿ ಅಮೆರಿಕದ ಲಿಂಡಾ ಫ್ರೀಡ್ ಮತ್ತು ಸಹೋದ್ಯೋಗಿಗಳು 65 ದಾಟಿದ ಐದು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಆಧರಿಸಿ ಐದು ಲಕ್ಷಣಗಳನ್ನು ಗುರುತಿಸಿದರು: ಬಯಸದೆ ತೂಕ ಇಳಿಯುವುದು, ಸದಾ ದಣಿವು, ಕೈ ಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಇವುಗಳಲ್ಲಿ ಮೂರು ಇದ್ದರೆ ನಿತ್ರಾಣ, ಒಂದೋ ಎರಡೋ ಇದ್ದರೆ ಅದರ ಹೊಸ್ತಿಲು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೆನಡಾದ ಆರ್ನಾಲ್ಡ್ ಮಿಟ್ನಿಟ್ಸ್ಕಿ ಮತ್ತು ಕೆನೆತ್ ರಾಕ್‌ವುಡ್ ಬೇರೊಂದು ದಾರಿ ಹಿಡಿದರು. ಕಾಯಿಲೆ, ನೋವು, ಮರೆವು, ಕಿವಿ ಮಂದವಾಗುವುದು, ಒಬ್ಬರೇ ಸ್ನಾನ ಮಾಡಲಾಗದಿರುವುದು ಹೀಗೆ ಒಬ್ಬ ವ್ಯಕ್ತಿಯಲ್ಲಿ ಕೂಡಿಬಂದ ಕೊರತೆಗಳನ್ನೆಲ್ಲ ಎಣಿಸಿ, ಪರಿಶೀಲಿಸಿದ ಒಟ್ಟು ಅಂಶಗಳಿಂದ ಅದನ್ನು ಭಾಗಿಸಿದರೆ ಬರುವ ಸಂಖ್ಯೆಯೇ ಅವರ ಸೂಚ್ಯಂಕ. ಯಾವ ಕೊರತೆ ಎಂಬುದಕ್ಕಿಂತ ಎಷ್ಟು ಕೊರತೆ ಎಂಬುದೇ ಇಲ್ಲಿ ಮುಖ್ಯ.

ಇದು ವಿದ್ವಾಂಸರ ಜಗಳದಂತೆ ಕಂಡರೂ ನೀತಿ ರೂಪಿಸುವವರಿಗೆ ಇದರಲ್ಲಿ ಖರ್ಚಿನ ಲೆಕ್ಕವಿದೆ. ಮೊದಲ ವಿಧಾನಕ್ಕೆ ಯಾರಾದರೂ ಹಿರಿಯರ ಎದುರು ನಿಂತು ಕೈ ಹಿಡಿತ ಅಳೆಯಬೇಕು, ಕೆಲವು ಮೀಟರ್ ನಡೆಸಿ ಸಮಯ ನೋಡಬೇಕು. ಎರಡನೆಯದಕ್ಕೆ ಚೆನ್ನಾಗಿ ಇಟ್ಟುಕೊಂಡು ಬಂದ ವೈದ್ಯಕೀಯ ದಾಖಲೆಗಳಿದ್ದರೆ ಸಾಕು, ಲೆಕ್ಕವನ್ನು ಕಂಪ್ಯೂಟರ್ ಮಾಡುತ್ತದೆ. ದಾಖಲೆ ಇರುವ ದೇಶಕ್ಕೆ ಎರಡನೆಯದು ಅಗ್ಗ. ದಾಖಲೆ ಇಲ್ಲದ ಕಡೆ ಮನೆ ಬಾಗಿಲಿಗೇ ಹೋಗಬೇಕು.

ಅಳತೆಗಿಂತ ಮುಂದಿನ ಪ್ರಶ್ನೆ, ಅಳೆದು ಪ್ರಯೋಜನವೇನು ಎಂಬುದು. ಕಳೆದುಹೋದ ಬಲ ಮರಳಿ ಬರುವುದಿಲ್ಲವಾದರೆ ಅಳತೆಯೆಲ್ಲ ವ್ಯರ್ಥ. ಈ ಸಂದೇಹಕ್ಕೆ ಸಿಕ್ಕ ಉತ್ತರಗಳಲ್ಲಿ ನನಗೆ ಅತ್ಯಂತ ಬಲವಾಗಿ ಕಾಣುವುದು 1994ರಲ್ಲಿ ಪ್ರಕಟವಾದ ಬಾಸ್ಟನ್ನಿನ ಒಂದು ಪ್ರಯೋಗ. ಮರಿಯಾ ಫಿಯಾಟರೋನೆ ಮತ್ತು ಸಂಗಡಿಗರು ಶುಶ್ರೂಷಾಲಯವೊಂದರ 100 ನಿತ್ರಾಣ ನಿವಾಸಿಗಳನ್ನು ಆಯ್ದುಕೊಂಡರು. ಅವರ ಸರಾಸರಿ ವಯಸ್ಸು 87. ಹತ್ತು ವಾರ ಕಾಲಿನ ಸ್ನಾಯುಗಳಿಗೆ ಭಾರ ಹಾಕಿ ವ್ಯಾಯಾಮ ಮಾಡಿಸಿದಾಗ ಸ್ನಾಯುಬಲ ಇಮ್ಮಡಿಗೂ ಹೆಚ್ಚಾಯಿತು, ನಡಿಗೆ ಚುರುಕಾಯಿತು. ವ್ಯಾಯಾಮವಿಲ್ಲದೆ ಪೌಷ್ಟಿಕ ಪೇಯ ಮಾತ್ರ ಪಡೆದವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಟಾನಿಕ್ ಬಾಟಲಿಯ ಮೇಲೆ ನಮ್ಮ ಮನೆಗಳಿಗಿರುವ ನಂಬಿಕೆಯನ್ನು ನೆನೆದರೆ ಈ ಎರಡನೆಯ ಫಲಿತಾಂಶಕ್ಕೆ ಇನ್ನಷ್ಟು ಪ್ರಚಾರ ಸಿಗಬೇಕಿತ್ತು. ನಂತರ 2014ರಲ್ಲಿ ಅಮೆರಿಕದ 1,635 ಜನರ ದೊಡ್ಡ ಪ್ರಯೋಗವೊಂದು, 70ರಿಂದ 89ರ ವಯಸ್ಸಿನ ಜಡ ಜೀವನದವರಿಗೆ ಎರಡೂವರೆ ವರ್ಷಗಳಷ್ಟು ಕಾಲ ನಡಿಗೆ, ಬಲ ಮತ್ತು ಸಮತೋಲನದ ಅಭ್ಯಾಸ ಮಾಡಿಸಿ, 400 ಮೀಟರ್ ನಡೆಯುವ ಶಕ್ತಿ ಕಳೆದುಕೊಂಡವರ ಪ್ರಮಾಣ ಶೇ. 35.5ರ ಬದಲು ಶೇ. 30.1ಕ್ಕೆ ಇಳಿದದ್ದನ್ನು ತೋರಿಸಿತು. ಪವಾಡವಲ್ಲ, ಆದರೆ ಲಕ್ಷಾಂತರ ಜನರಿಗೆ ಅನ್ವಯಿಸಿದರೆ ಸಣ್ಣ ಲಾಭವೂ ಅಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಆರೋಗ್ಯವಂತ ಹಿರಿಯರನ್ನು ಕೇವಲ 10 ದಿನ ಹಾಸಿಗೆಯಲ್ಲೇ ಇರಿಸಿ ನಡೆಸಿದ ಅಮೆರಿಕದ ಒಂದು ಅಧ್ಯಯನದಲ್ಲಿ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಆಸ್ಪತ್ರೆಯಲ್ಲಿ ಮಲಗಿಸಿಡುವುದೇ ನಿತ್ರಾಣವನ್ನು ಹೆಚ್ಚಿಸುವ ಕಾರಣವಾಗಬಲ್ಲದು. ಆದ್ದರಿಂದ ಹಿರಿಯರ ಆರೋಗ್ಯ ನೀತಿ ಎಂದರೆ ಆಸ್ಪತ್ರೆಯ ಬಿಲ್ ಕಟ್ಟುವ ವಿಮೆ ಎಂದಷ್ಟೇ ಅರ್ಥಮಾಡಿಕೊಂಡ ಸರ್ಕಾರ, ಹಣ ಖರ್ಚು ಮಾಡಿಯೂ ಅರ್ಧ ಕೆಲಸವನ್ನು ಬಿಟ್ಟಂತಾಗುತ್ತದೆ.

ನಿತ್ರಾಣವನ್ನು ನೇರವಾಗಿ ನೀತಿಯ ಭಾಷೆಗೆ ತಂದ ದೇಶಗಳಲ್ಲಿ ಇಂಗ್ಲೆಂಡ್ ಮುಂಚೂಣಿಯಲ್ಲಿದೆ. ಅಲ್ಲಿ ಪ್ರತಿಯೊಬ್ಬರೂ ಒಬ್ಬ ಕುಟುಂಬ ವೈದ್ಯರ ಚಿಕಿತ್ಸಾಲಯದಲ್ಲಿ ನೋಂದಾಯಿಸಿಕೊಳ್ಳುವ ಪದ್ಧತಿ ಇರುವುದರಿಂದ ದಶಕಗಳ ದಾಖಲೆ ಕಂಪ್ಯೂಟರಿನಲ್ಲೇ ಇರುತ್ತದೆ. ಆಂಡ್ರ್ಯೂ ಕ್ಲೆಗ್ ಮತ್ತು ಸಂಗಡಿಗರು ರಾಕ್‌ವುಡ್ ಅವರ ತತ್ವವನ್ನು ಈ ದಾಖಲೆಗಳಿಗೆ ಅನ್ವಯಿಸಿ, 36 ಕೊರತೆಗಳನ್ನು ಎಣಿಸುವ ವಿದ್ಯುನ್ಮಾನ ಸೂಚ್ಯಂಕವನ್ನು ರೂಪಿಸಿ, 9 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳ ಮೇಲೆ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಮರು ವರ್ಷವೇ ಅದು ಸರ್ಕಾರಿ ಕರಾರಿನೊಳಗೆ ಬಂತು. 2017–18ರ ಕುಟುಂಬ ವೈದ್ಯರ ಒಪ್ಪಂದದ ಪ್ರಕಾರ ಪ್ರತಿ ಚಿಕಿತ್ಸಾಲಯವೂ 65 ದಾಟಿದವರಲ್ಲಿ ಮಧ್ಯಮ ಮತ್ತು ತೀವ್ರ ನಿತ್ರಾಣ ಇರುವವರನ್ನು ಸೂಕ್ತ ಸಾಧನದಿಂದ ಗುರುತಿಸಬೇಕು, ವೈದ್ಯರು ತಮ್ಮ ವಿವೇಚನೆಯಿಂದ ಅದನ್ನು ಖಚಿತಪಡಿಸಿಕೊಳ್ಳಬೇಕು, ತೀವ್ರ ಸ್ಥಿತಿಯಲ್ಲಿರುವವರ ಔಷಧಗಳನ್ನು ವರ್ಷಕ್ಕೊಮ್ಮೆ ಪರಿಶೀಲಿಸಿ, ಬಿದ್ದಿದ್ದಾರೆಯೇ ಎಂದು ವಿಚಾರಿಸಬೇಕು.

ಔಷಧ ಪರಿಶೀಲನೆ ಎಂಬುದು ಕೇಳಲು ಸಾಧಾರಣವಾದರೂ ಅದಕ್ಕೆ ತೂಕವಿದೆ. ನಿದ್ದೆಯ ಮಾತ್ರೆ, ಅತಿಯಾಗಿ ಇಳಿಸಿದ ರಕ್ತದೊತ್ತಡ, ಮೂರು ವೈದ್ಯರು ಮೂರು ಕಾಲದಲ್ಲಿ ಬರೆದು ಯಾರೂ ನಿಲ್ಲಿಸದ ಗುಳಿಗೆಗಳು ಹಿರಿಯರು ತಲೆಸುತ್ತಿ ಬೀಳುವುದಕ್ಕೆ ಸಾಮಾನ್ಯ ಕಾರಣಗಳು. ಹೊಸದನ್ನು ಸೇರಿಸುವುದಕ್ಕಿಂತ ಇದ್ದದ್ದನ್ನು ಬಿಡಿಸುವುದೇ ಇಲ್ಲಿ ಚಿಕಿತ್ಸೆ.

ಆದರೂ ಈ ಕರಾರಿನ ವಿನ್ಯಾಸದಲ್ಲಿ ಒಂದು ಕೊರತೆ ನನಗೆ ಕಾಣುತ್ತದೆ. ವ್ಯಾಯಾಮದಿಂದಲೂ ಆಹಾರದಿಂದಲೂ ಹೆಚ್ಚು ಲಾಭ ಪಡೆಯಬಲ್ಲವರು ನಿತ್ರಾಣದ ಹೊಸ್ತಿಲಲ್ಲಿ ಅಥವಾ ಆರಂಭದಲ್ಲಿ ಇರುವವರು. ಕರಾರು ಕಡ್ಡಾಯವಾಗಿ ಕೇಳಿದ ಕೆಲಸವಾದರೋ ತೀವ್ರ ಸ್ಥಿತಿಗೆ ತಲುಪಿದವರ ಬಗ್ಗೆ. ಅದಕ್ಕೆ ಹಿನ್ನೆಲೆಯೂ ಇದೆ. ಇದಕ್ಕೂ ಮೊದಲಿದ್ದ ಯೋಜನೆಯ ಗುರಿಯೇ ಅನಿರೀಕ್ಷಿತ ಆಸ್ಪತ್ರೆ ದಾಖಲಾತಿಯನ್ನು ತಪ್ಪಿಸುವುದಾಗಿತ್ತು. ಆ ಯೋಜನೆ 2017ರ ಮಾರ್ಚ್‌ನಲ್ಲಿ ಕೊನೆಗೊಂಡು ಅದರ ಜಾಗಕ್ಕೆ ಇದು ಬಂತು. ಹಾಸಿಗೆ ಉಳಿಸುವ ಚಿಂತೆ ಹೊಸ ನೀತಿಯೊಳಗೂ ಉಳಿದುಕೊಂಡಿತು ಎಂದು ನನ್ನ ಅನಿಸಿಕೆ.

ಆಸ್ಪತ್ರೆಯೊಳಗೆ ಇಂಗ್ಲೆಂಡಿನ ಕೆಲಸ ಇದಕ್ಕಿಂತ ಗಟ್ಟಿಯಾಗಿದೆ. 1930ರ ದಶಕದಲ್ಲಿ ಲಂಡನ್ ಬಳಿಯ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಮಾರ್ಜರಿ ವಾರೆನ್ ಎಂಬ ವೈದ್ಯೆ, ಗುಣವಾಗದವರೆಂದು ಹಾಸಿಗೆಯಲ್ಲೇ ಬಿಟ್ಟಿದ್ದ ವೃದ್ಧರನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿ, ಎಬ್ಬಿಸಿ ನಡೆಸಿ, ಅನೇಕರನ್ನು ಮನೆಗೆ ಕಳುಹಿಸಿದರು. ಅಲ್ಲಿಂದ ಬೆಳೆದ ಪದ್ಧತಿಯೇ ಸಮಗ್ರ ಹಿರಿಯರ ಮೌಲ್ಯಮಾಪನ. ವೈದ್ಯರು, ದಾದಿ, ಫಿಸಿಯೋಥೆರಪಿಸ್ಟ್, ಸಮಾಜ ಕಾರ್ಯಕರ್ತರು ಸೇರಿ ಕಾಯಿಲೆಯ ಜೊತೆಗೆ ನಡಿಗೆ, ನೆನಪು, ಮನಸ್ಸು, ಆಹಾರ, ಮನೆಯ ಪರಿಸ್ಥಿತಿ ಎಲ್ಲವನ್ನೂ ನೋಡಿ ಒಂದು ಯೋಜನೆ ಮಾಡುತ್ತಾರೆ. ಒಂಬತ್ತು ದೇಶಗಳ 29 ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಶೋಧಕರ ಜಾಲದ 2017ರ ವಿಮರ್ಶೆಯ ಪ್ರಕಾರ, ಆಸ್ಪತ್ರೆಗೆ ಬಂದಾಗ ಇಂಥ ಮೌಲ್ಯಮಾಪನ ಪಡೆದ ಹಿರಿಯರು ತಿಂಗಳುಗಳ ನಂತರವೂ ಜೀವಂತವಾಗಿ ತಮ್ಮ ಮನೆಯಲ್ಲೇ ಇರುವ ಸಾಧ್ಯತೆ ಹೆಚ್ಚು. ಆಮೇಲೆ 2019ರ ಜನವರಿಯಲ್ಲಿ ಪ್ರಕಟವಾದ ಅಲ್ಲಿನ ದೀರ್ಘಾವಧಿ ಆರೋಗ್ಯ ಯೋಜನೆಯು, ದೊಡ್ಡ ತುರ್ತು ವಿಭಾಗವಿರುವ ಆಸ್ಪತ್ರೆಗಳಲ್ಲಿ ವಾರಕ್ಕೆ ಕನಿಷ್ಠ 70 ಗಂಟೆ ನಿತ್ರಾಣದ ಪ್ರತ್ಯೇಕ ಸೇವೆ ಇರಬೇಕು, ಹಿರಿಯರು ಬಂದ 30 ನಿಮಿಷದೊಳಗೆ ಮೌಲ್ಯಮಾಪನ ಆಗುವಂತೆ ಪ್ರಯತ್ನಿಸಬೇಕು ಎಂದು ಹೇಳಿತು.

ಅಂಕ ಕೊಡುವ ಪದ್ಧತಿ ದಾರಿ ತಪ್ಪಬಹುದೆಂಬುದಕ್ಕೂ ಅದೇ ದೇಶ ಸಾಕ್ಷಿ. 2020ರ ಮಾರ್ಚ್‌ನಲ್ಲಿ ಕೋವಿಡ್ ಹಬ್ಬುತ್ತಿದ್ದಾಗ ತೀವ್ರ ನಿಗಾ ಘಟಕಕ್ಕೆ ಯಾರನ್ನು ಸೇರಿಸಬೇಕು ಎಂಬ ತೀರ್ಮಾನಕ್ಕೆ ಮೇಲೆ ಹೇಳಿದ ಸೂಚ್ಯಂಕವಲ್ಲದೆ ರಾಕ್‌ವುಡ್ ಅವರದೇ ಆದ ಇನ್ನೊಂದು ನಿತ್ರಾಣದ ಮಾಪಕವನ್ನು ಬಳಸುವಂತೆ ಅಲ್ಲಿನ ಮಾರ್ಗದರ್ಶಿ ಸಂಸ್ಥೆಯಾದ ನೈಸ್ ಸೂಚಿಸಿತು. ದೈನಂದಿನ ಕೆಲಸಕ್ಕೆ ನೆರವು ಬೇಕಾಗುವ ಆದರೆ ಆರೋಗ್ಯವಾಗಿಯೇ ಇರುವ ಅಂಗವಿಕಲರಿಗೂ ಆಟಿಸಂ ಇರುವವರಿಗೂ ಆ ಮಾಪಕದಲ್ಲಿ ಹೆಚ್ಚು ಅಂಕ ಬೀಳುತ್ತಿತ್ತು. ಆಕ್ಷೇಪ ಬಂದ ಮೇಲೆ ಕೆಲವೇ ದಿನಗಳಲ್ಲಿ ಸೂಚನೆಯನ್ನು ತಿದ್ದಿ, 65ಕ್ಕಿಂತ ಕಿರಿಯರಿಗೂ ಇಂಥ ಸ್ಥಿರ ವೈಕಲ್ಯ ಇರುವವರಿಗೂ ಅದನ್ನು ಬಳಸಬಾರದೆಂದು ಸ್ಪಷ್ಟಪಡಿಸಲಾಯಿತು. ಹೆಚ್ಚು ನೆರವು ಕೊಡಲೆಂದು ಮಾಡಿದ ಪಟ್ಟಿಯೇ ಒತ್ತಡದ ದಿನಗಳಲ್ಲಿ ನೆರವು ನಿರಾಕರಿಸುವ ಪಟ್ಟಿಯಾಗಿ ತಿರುಗಬಲ್ಲದು. ಇಂಥ ಅಳತೆಯನ್ನು ಯಾವುದಕ್ಕೆ ಬಳಸಬಾರದು ಎಂಬುದನ್ನೂ ಮೊದಲೇ ಬರೆದಿಡಬೇಕಾದದ್ದು ಈ ಕಾರಣಕ್ಕೆ.

ಜಪಾನ್ ಕಲಿತ ಪಾಠ ಬೇರೆ, ನನ್ನ ಮಟ್ಟಿಗೆ ನಮಗೆ ಹೆಚ್ಚು ಹತ್ತಿರದ್ದು. ಅಲ್ಲಿ 2000ದ ಏಪ್ರಿಲ್‌ನಿಂದ ದೀರ್ಘಕಾಲದ ಆರೈಕೆಗೆ ಕಡ್ಡಾಯ ವಿಮೆ ಇದೆ. 40 ದಾಟಿದವರೆಲ್ಲರೂ ಕಂತು ಕಟ್ಟುತ್ತಾರೆ. ಆರೈಕೆಯ ಖರ್ಚು ಏರತೊಡಗಿದಾಗ 2006ರಲ್ಲಿ ತಡೆಗಟ್ಟುವಿಕೆಗೆ ಒತ್ತು ಕೊಟ್ಟು 25 ಪ್ರಶ್ನೆಗಳ ಒಂದು ಪಟ್ಟಿಯನ್ನು ಜಾರಿಗೆ ತಂದರು. ಕುರ್ಚಿಯಿಂದ ಕೈಯೂರದೆ ಏಳುತ್ತೀರಾ, ಒಂದು ವರ್ಷದಲ್ಲಿ ಬಿದ್ದಿದ್ದೀರಾ, ಗಟ್ಟಿ ಪದಾರ್ಥ ಅಗಿಯುವುದು ಕಷ್ಟವಾಗಿದೆಯೇ, ವಾರಕ್ಕೊಮ್ಮೆಯಾದರೂ ಮನೆಯಿಂದ ಹೊರಬರುತ್ತೀರಾ ಎಂಬಂಥ ಸರಳ ಪ್ರಶ್ನೆಗಳು. ಅಪಾಯದಲ್ಲಿರುವವರನ್ನು ಈ ಪಟ್ಟಿಯಿಂದ ಆರಿಸಿ ತರಬೇತಿ ತರಗತಿಗಳಿಗೆ ಕರೆಯುವುದು ಯೋಜನೆಯಾಗಿತ್ತು. ಕರೆದರೂ ಬಂದವರು ಗುರಿಗಿಂತ ಬಹಳ ಕಡಿಮೆ. "ನೀವು ದುರ್ಬಲರು, ಬನ್ನಿ" ಎಂಬ ಆಹ್ವಾನ ಯಾರಿಗೆ ತಾನೇ ಹಿತ? ಬಂದವರಿಗೂ ತರಗತಿ ಮುಗಿದ ಮೇಲೆ ಮುಂದುವರಿಸಲು ಜಾಗವಿರಲಿಲ್ಲ.

ಆಗ ಸರ್ಕಾರ ದಿಕ್ಕು ಬದಲಿಸಿತು. 2015ರಿಂದ ಜಾರಿಗೆ ಬಂದ ಸುಧಾರಣೆಯಲ್ಲಿ ದುರ್ಬಲರನ್ನು ಆರಿಸುವ ಬದಲು, ಎಲ್ಲ ಹಿರಿಯರೂ ನಡೆದೇ ಹೋಗಬಹುದಾದ ದೂರದಲ್ಲಿ, ಅವರೇ ನಡೆಸುವ ಕೂಡುತಾಣಗಳನ್ನು ಬೆಳೆಸಲು ಸ್ಥಳೀಯ ಆಡಳಿತಗಳಿಗೆ ಸೂಚಿಸಲಾಯಿತು. ಇದಕ್ಕೆ ಸಿದ್ಧ ಮಾದರಿಯೂ ಇತ್ತು. ಜಪಾನಿನದೇ ಆದ ಕೋಚಿ ನಗರ 2002ರಲ್ಲಿ ರೂಪಿಸಿದ 'ನೂರು ವರ್ಷದ ವ್ಯಾಯಾಮ'ದಲ್ಲಿ ಹಿರಿಯರು ಕುರ್ಚಿಯ ಮೇಲೆ ಕುಳಿತು, ಮುಂಗೈ ಮತ್ತು ಕಾಲಗಂಟಿಗೆ ಹಂತಹಂತವಾಗಿ 2.2 ಕಿಲೋವರೆಗೆ ಹೆಚ್ಚಿಸಬಹುದಾದ ಭಾರದ ಪಟ್ಟಿ ಕಟ್ಟಿಕೊಂಡು, ವಿಡಿಯೋ ನೋಡುತ್ತ ನಿಧಾನವಾಗಿ ಕೈಕಾಲು ಎತ್ತಿ ಇಳಿಸುತ್ತಾರೆ. ಬಾಸ್ಟನ್ ಪ್ರಯೋಗದ ತಿರುಳೇ ಇಲ್ಲಿ ಯಂತ್ರಗಳಿಲ್ಲದೆ ಬಡಾವಣೆಯ ಸಭಾಭವನಕ್ಕೆ ಬಂದಂತಾಯಿತು. ಐಚಿ ಪ್ರಾಂತ್ಯದ ತಾಕೆತೊಯೊ ಪಟ್ಟಣದಲ್ಲಿ 2007ರಿಂದ ನಡೆದ ಇಂಥ ಕೂಟಗಳ ಅಧ್ಯಯನದಲ್ಲಿ, ಭಾಗವಹಿಸಿದವರು ಐದು ವರ್ಷಗಳಲ್ಲಿ ಪರಾವಲಂಬಿಗಳಾದ ಪ್ರಮಾಣ ಉಳಿದವರ ಸುಮಾರು ಅರ್ಧದಷ್ಟಿತ್ತು. ಗಟ್ಟಿಮುಟ್ಟಾಗಿದ್ದವರೇ ಬಂದಿರಬಹುದಲ್ಲ ಎಂಬ ಸಂದೇಹ ಸಹಜ. ಅದನ್ನು ನಿವಾರಿಸಲು ಸಂಶೋಧಕರು ಕೂಟದ ಜಾಗಕ್ಕೂ ಮನೆಗೂ ಇರುವ ದೂರವನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಸಂದೇಹ ಪೂರ್ತಿ ಹೋಗುವುದಿಲ್ಲ. ಹಾಗೆಂದು ಜಪಾನ್ ಪ್ರಶ್ನೆಪಟ್ಟಿಯನ್ನು ಬಿಟ್ಟುಬಿಡಲಿಲ್ಲ. 2020ರಿಂದ 75 ದಾಟಿದವರ ವಾರ್ಷಿಕ ಆರೋಗ್ಯ ತಪಾಸಣೆಯಲ್ಲಿ 15 ಪ್ರಶ್ನೆಗಳ ಹೊಸ ಪಟ್ಟಿ ಸೇರಿತು. ಆ ಹೊತ್ತಿಗೆ ಉತ್ತರ ಕೊಟ್ಟವರನ್ನು ಕಳುಹಿಸಲು ಊರೂರಲ್ಲಿ ಜಾಗಗಳಿದ್ದವು.

ನಮ್ಮ ಕಡೆಗೆ ಬಂದರೆ, 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆಯ ಸುಮಾರು ಶೇ. 9.5ರಷ್ಟು ಮಂದಿ 60 ದಾಟಿದವರಾಗಿದ್ದರು, ಇದು ದೇಶದ ಸರಾಸರಿಯಾದ ಶೇ. 8.6ಕ್ಕಿಂತ ಹೆಚ್ಚು. ಕೇಂದ್ರ ಸರ್ಕಾರದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮ 2010–11ರಲ್ಲೇ ಆರಂಭವಾಗಿದೆ. ಅದರ ಕಾಗದದ ವಿನ್ಯಾಸ ಕಳಪೆಯೇನಲ್ಲ: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್, ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆರಡು ಬಾರಿ ಕ್ಲಿನಿಕ್ ಮತ್ತು ಪುನಶ್ಚೇತನ ಸೇವೆ, ಜಿಲ್ಲಾಸ್ಪತ್ರೆಯಲ್ಲಿ 10 ಹಾಸಿಗೆಗಳ ವಾರ್ಡ್. ಇತ್ತೀಚೆಗೆ ಹೆಚ್ಚು ಸುದ್ದಿಯಾದದ್ದು 2024ರ ಅಕ್ಟೋಬರ್‌ನಲ್ಲಿ 70 ದಾಟಿದ ಎಲ್ಲರಿಗೂ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ಭಾರತ್ ವಿಮೆಯನ್ನು ವಿಸ್ತರಿಸಿದ ಕ್ರಮ. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗಿನ ಈ ರಕ್ಷಣೆ ಸೊಂಟ ಮುರಿದ ದಿನ ದೊಡ್ಡ ಆಸರೆ. ಆದರೆ ಅದು ಅನ್ವಯಿಸುವುದು ಒಳರೋಗಿಯಾಗಿ ದಾಖಲಾದಾಗ. ಬಚ್ಚಲಿಗೆ ಹಿಡಿಕೆ ಹಾಕಿಸಲು, ಆರು ತಿಂಗಳು ಮನೆಯಲ್ಲಿ ವ್ಯಾಯಾಮ ಕಲಿಸಲು ಅದರಲ್ಲಿ ದಾರಿಯಿಲ್ಲ.

ಗುರುತಿಸುವ ಕೆಲಸದ ಬೀಜವೂ ನಮ್ಮಲ್ಲಿ ಈಗಾಗಲೇ ಇದೆ, ಅದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ ಅಷ್ಟೇ. ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಗೆ ಹೋಗಿ ತುಂಬುವ ಸಮುದಾಯ ಆಧಾರಿತ ಮೌಲ್ಯಮಾಪನ ನಮೂನೆಯಲ್ಲಿ 60 ದಾಟಿದವರಿಗೆಂದೇ ನಾಲ್ಕು ಪ್ರಶ್ನೆಗಳಿವೆ: ನಿಂತಾಗ ಅಥವಾ ನಡೆಯುವಾಗ ತೂರಾಡುವಂತೆ ಆಗುತ್ತದೆಯೇ, ಓಡಾಟಕ್ಕೆ ಅಡ್ಡಿಯಾಗುವ ವೈಕಲ್ಯವಿದೆಯೇ, ಊಟ, ಸ್ನಾನ, ಶೌಚಕ್ಕೆ ಬೇರೆಯವರ ಸಹಾಯ ಬೇಕೇ, ಹತ್ತಿರದವರ ಹೆಸರು ಅಥವಾ ಮನೆಯ ವಿಳಾಸ ಮರೆಯುತ್ತದೆಯೇ. ಒಳ್ಳೆಯ ಆರಂಭ, ಆದರೆ ಮೊದಲನೆಯದನ್ನು ಬಿಟ್ಟರೆ ಉಳಿದವು ತಡವಾಗಿ ಕೇಳುವ ಪ್ರಶ್ನೆಗಳು. ಶೌಚಕ್ಕೆ ನೆರವು ಬೇಕಾದವರು ನಿತ್ರಾಣವನ್ನು ದಾಟಿ ಪರಾವಲಂಬನೆಗೆ ಬಂದಾಗಿದೆ. ತೂಕ ಇಳಿದಿದೆಯೇ ಎಂಬ ಪ್ರಶ್ನೆ ಅದೇ ನಮೂನೆಯಲ್ಲಿ ಇನ್ನೊಂದು ಕಡೆ ಇದೆ, ಕೆಮ್ಮು ಮತ್ತು ಜ್ವರದ ಜೊತೆಗೆ, ಕ್ಷಯದ ಸಂಶಯಕ್ಕಾಗಿ. ಕಫ ಪರೀಕ್ಷೆಯಲ್ಲಿ ಕ್ಷಯವಿಲ್ಲವೆಂದಾದ ಮೇಲೆ ಆ ಇಳಿದ ತೂಕವನ್ನು ಹಿಡಿದು ಮುಂದೆ ಹೋಗುವವರಾರು?

ನಮೂನೆಯ ಪ್ರಕಾರ ಹೌದು ಎಂದವರನ್ನು ವೈದ್ಯಾಧಿಕಾರಿ ಇರುವ ಹತ್ತಿರದ ಕೇಂದ್ರಕ್ಕೆ ಕಳುಹಿಸಬೇಕು. ಬಚ್ಚಲಿಗೆ ಹೋಗಲು ಗೋಡೆ ಹಿಡಿಯುವವರು ಬಸ್ಸು ಹತ್ತಿ ಅಲ್ಲಿಗೆ ಹೋಗಬೇಕು. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಅಜ್ಜಿಯರಿಗೆ ಟಿಕೆಟ್ಟಿನ ಚಿಂತೆ ತಪ್ಪಿದೆ; ಬಸ್ಸಿನ ಮೊದಲ ಮೆಟ್ಟಿಲಿನ ಎತ್ತರ ಮಾತ್ರ ಹಾಗೇ ಇದೆ. ಅಲ್ಲಿ ತಲುಪಿದ ಮೇಲೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ಸಿಗುವುದು ಬಿಪಿ ಮತ್ತು ಶುಗರ್ ತಪಾಸಣೆ, ನೋವಿನ ಮಾತ್ರೆ, ಜೀವಸತ್ವದ ಗುಳಿಗೆ. ಫಿಸಿಯೋಥೆರಪಿ ಬೇಕಾದರೆ ಇನ್ನೂ ದೂರ ಹೋಗಬೇಕು. ಹೀಗಿರುವಾಗ ನಮೂನೆಗೆ ಇನ್ನೂ ಹತ್ತು ಪ್ರಶ್ನೆ ಸೇರಿಸುವುದರಿಂದ ಆಶಾ ಕಾರ್ಯಕರ್ತೆಯ ಹೊರೆ ಹೆಚ್ಚುತ್ತದೆ, ಹಿರಿಯರ ಬಲ ಹೆಚ್ಚುವುದಿಲ್ಲ. ಮೊದಲು ಕಳುಹಿಸಲು ಜಾಗ, ಆಮೇಲೆ ಪ್ರಶ್ನೆ ಎಂಬ ಜಪಾನಿನ ಕ್ರಮ ನಮಗೂ ಹೊಂದುತ್ತದೆ ಎನ್ನುವುದು ಇದಕ್ಕೇ.

ಆ ಜಾಗಕ್ಕೆ ಹೊಸ ಕಟ್ಟಡ ಬೇಕಿಲ್ಲ. ಉಪಕೇಂದ್ರಗಳನ್ನು ಆಯುಷ್ಮಾನ್ ಆರೋಗ್ಯ ಮಂದಿರಗಳಾಗಿ ಮೇಲ್ದರ್ಜೆಗೇರಿಸಿದ ಮೇಲೆ ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಿದ್ದಾರೆ, ಯೋಗ ತರಗತಿಗಳಿಗೂ ಅವಕಾಶವಿದೆ. ವಾರಕ್ಕೆರಡು ದಿನ ಯೋಗದ ಜೊತೆಗೆ ಕುರ್ಚಿಯಿಂದ ಎದ್ದು ಕೂರುವ, ಹಿಮ್ಮಡಿ ಎತ್ತುವ, ಮರಳು ತುಂಬಿದ ಚೀಲ ಕಟ್ಟಿ ಕಾಲೆತ್ತುವ ಅಭ್ಯಾಸವನ್ನು ಸೇರಿಸಬಹುದು. ಹಳ್ಳಿಯ ಸಮುದಾಯ ಭವನದಲ್ಲಿ ಸ್ತ್ರೀಶಕ್ತಿ ಸಂಘದ ಸದಸ್ಯೆಯರು ಅದನ್ನು ನಡೆಸಬಹುದು. ಬಿಡುವಿಲ್ಲದೆ ಹೊಲದಲ್ಲಿ ದುಡಿದ ದೇಹಕ್ಕೆ ವ್ಯಾಯಾಮವೇಕೆ ಎಂಬ ಮಾತು ಬರುತ್ತದೆ. ಮೊಣಕಾಲು ನೋವಿನಿಂದ ಹೊಲ ಬಿಟ್ಟು ಜಗುಲಿಗೆ ಬಂದ ದಿನದಿಂದ ಆ ದುಡಿಮೆಯ ಬಲ ಕರಗತೊಡಗುತ್ತದೆ ಎಂಬುದೇ ಅದಕ್ಕೆ ಉತ್ತರ. ಊಟದ ವಿಷಯದಲ್ಲೂ ಹೇಳಬೇಕಾದದ್ದಿದೆ. ಹಲ್ಲಿಲ್ಲದ ಹಿರಿಯರು ಗಂಜಿ, ಅನ್ನ ತಿಳಿಸಾರಿನ ಮೇಲೆ ದಿನ ದೂಡುವಾಗ ಬೇಳೆ, ಮೊಟ್ಟೆ, ಹಾಲು, ಮೀನು ತಟ್ಟೆಯಿಂದ ದೂರವಾಗುತ್ತವೆ, ಅದರಲ್ಲೂ ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವ ಹೆಂಗಸರಿಗೆ. ಸಂಧ್ಯಾ ಸುರಕ್ಷಾ ಪಿಂಚಣಿಯನ್ನು 2021ರಲ್ಲಿ ತಿಂಗಳಿಗೆ 1,200 ರೂಪಾಯಿಗೆ ಏರಿಸಿದ್ದು ಸಮಾಜ ಕಲ್ಯಾಣದ ಕ್ರಮ ಎಂದಷ್ಟೇ ದಾಖಲಾಗುತ್ತದೆ; ತಟ್ಟೆಗೆ ಬೀಳುವ ಮೊಟ್ಟೆಯ ಲೆಕ್ಕದಲ್ಲಿ ಅದು ಆರೋಗ್ಯ ನೀತಿಯೂ ಹೌದು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ಶ್ರವಣ ಸಾಧನ, ಹಲ್ಲಿನ ಸೆಟ್ಟು ಕೂಡ ಇದೇ ಲೆಕ್ಕಕ್ಕೆ ಸೇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2019ರ ತನ್ನ ಕೈಪಿಡಿಯಲ್ಲಿ ಹಿರಿಯರ ಸಾಮರ್ಥ್ಯವನ್ನು ಓಡಾಟ, ಪೋಷಣೆ, ದೃಷ್ಟಿ, ಶ್ರವಣ, ನೆನಪು, ಮನಸ್ಸು ಎಂದು ಬಿಡಿಸಿ, ಇವೆಲ್ಲವನ್ನೂ ಸಮುದಾಯ ಮಟ್ಟದ ಕಾರ್ಯಕರ್ತರೇ ಮೊದಲ ಹಂತದಲ್ಲಿ ನೋಡಬಹುದೆಂದು ತೋರಿಸಿದ್ದು ಇಂಥ ಸಂದರ್ಭಗಳಿಗಾಗಿಯೇ.

ಇದನ್ನೆಲ್ಲ ರಾಜ್ಯದಾದ್ಯಂತ ಒಮ್ಮೆಲೇ ಘೋಷಿಸುವುದಕ್ಕಿಂತ ಒಂದೆರಡು ತಾಲ್ಲೂಕುಗಳಲ್ಲಿ ಮಾಡಿ ನೋಡುವುದು ವಿವೇಕ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರವು ಗ್ರಾಮೀಣ ಹಿರಿಯರ ಮರೆವು ಮತ್ತು ಮುಪ್ಪಿನ ಕುರಿತು ದೀರ್ಘಾವಧಿಯ ಅಧ್ಯಯನ ನಡೆಸುತ್ತಿದೆ. ನಮ್ಮ ಹಳ್ಳಿಗಳ ಹಿರಿಯರನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಳೆಯಬಹುದು ಎಂಬುದಕ್ಕೆ ಅದೇ ನಿದರ್ಶನ. ಪ್ರಯೋಗದ ತಾಲ್ಲೂಕಿನ ಮಾಸಿಕ ವರದಿಯಲ್ಲಿ ತುಂಬಿದ ನಮೂನೆಗಳ ಸಂಖ್ಯೆಯನ್ನು ಕೇಳುವ ಬದಲು ಮೂರು ಸಂಗತಿಗಳನ್ನು ಕೇಳಬೇಕು: ತೂರಾಡುತ್ತೇವೆ ಎಂದವರಲ್ಲಿ ಎಷ್ಟು ಮಂದಿ ಮೂರು ತಿಂಗಳ ನಂತರವೂ ವ್ಯಾಯಾಮಕ್ಕೆ ಬರುತ್ತಿದ್ದಾರೆ, ಎಷ್ಟು ಮಂದಿಯ ಮಾತ್ರೆಗಳನ್ನು ಒಬ್ಬ ವೈದ್ಯರು ಕೂತು ಪರಿಶೀಲಿಸಿದ್ದಾರೆ, ಕುರ್ಚಿಯಿಂದ ಕೈಯೂರದೆ ಐದು ಸಲ ಏಳಲು ಅವರಿಗೆ ಹಿಡಿಯುತ್ತಿದ್ದ ಸಮಯ ಕಡಿಮೆಯಾಗಿದೆಯೇ. ಈ ಮೂರನೆಯದಕ್ಕೆ ಬೇಕಾದ ಉಪಕರಣ ಒಂದು ಕುರ್ಚಿ ಮತ್ತು ಆಶಾ ಕಾರ್ಯಕರ್ತೆಯ ಕೈಯಲ್ಲಿರುವ ಮೊಬೈಲ್. ಕೆಲಸವಾರು ಪ್ರೋತ್ಸಾಹಧನವನ್ನೂ ನೆಚ್ಚಿಕೊಂಡು ದುಡಿಯುವ ಆಕೆಗೆ ಈ ಮರುಭೇಟಿಗೂ ಪ್ರತ್ಯೇಕ ಹಣ ನಿಗದಿಯಾಗಬೇಕು, ಇಲ್ಲವಾದರೆ ಮೊದಲ ಭೇಟಿಯೇ ಕೊನೆಯದಾಗುತ್ತದೆ.